ಹಸಿರು ಗೊಂಡೆಯ ಚಾವಿ

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದಂತೆ. ನನಗೆ ಇನಾಮದಾರ ಸಾಹೇಬರ ಮುಖ ನೆನಪಾಗುತ್ತದೆ. ಹೋದ ಭಾನುವಾರ ಗೋವಾದ ಕುಡಚಡೆಯ ನಮ್ಮ ಕನ್ನಡದವರ ಮಂಡಳಿಯ ಸಭಾಭವನದಲ್ಲಿ ಅವರಿಗೆ ಸನ್ಮಾನವಿತ್ತು. ತಟ್ಟೆಯಲ್ಲಿ ಹಾರ, ಶಾಲು, ತೆಂಗಿನಕಾಯಿ ಜೋಡಿಸುವ ಕೆಲಸ ನನ್ನದಾದ್ದರಿಂದ ಬೆಳಿಗ್ಗೆ ಬೇಗನೆ ಹೋಗಿದ್ದೆ. ಹೊರಗೆ ಆಷಾಢದ ಮಳೆ. ಹಿಂದಿನ ಓಣಿಯಲ್ಲಿ ಯಾರೋ ಪೌಡರು ಎರಚಿ ನೀರು ಸುರುವುತ್ತಿದ್ದರು. ಮೂಗಿಗೆ ಆ ವಾಸನೆ, ಕೈಯಲ್ಲಿ ಆಮಂತ್ರಣ ಪತ್ರಿಕೆ. ಅದರಲ್ಲಿ ಅವರ ಹೆಸರಿನ ಕೆಳಗೆ, 'ನೆರೆ ಬಂದಾಗ ನಿರಾಶ್ರಿತರ ಶೌಚಾಲಯ ವ್ಯವಸ್ಥೆಗಾಗಿ ಹಗಲಿರುಳು ಶ್ರಮಿಸಿದವರು' ಎಂದು ಅಚ್ಚಾಗಿತ್ತು. ಆ ಸಾಲನ್ನು ಎರಡು ಸಲ ಓದಿದೆ. ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ, ಚಾವಿಯ ಪಕ್ಕದಲ್ಲಿ ಇಟ್ಟೆ.

ಆ ಚಾವಿಯ ಕಥೆ ಹೇಳುವ ಮೊದಲು ಸಿಸ್ಟರ್ ಬಗ್ಗೆ ಹೇಳಬೇಕು. ನಾನು ಓದಿದ್ದು ಧಾರವಾಡದ ಒಂದು ಕಾನ್ವೆಂಟಿನಲ್ಲಿ. ಒಳ್ಳೆಯ ಹುಡುಗಿಯರು ಬಾಯಿಬಿಟ್ಟು ಹೇಳಬಾರದ ಮಾತುಗಳಲ್ಲಿ ಅಲ್ಲಿ ಸಂಡಾಸವೂ ಒಂದು. ಹೋಗಬೇಕೆನಿಸಿದರೆ ಎದ್ದು ನಿಂತು ಕಿರುಬೆರಳು ಎತ್ತಬೇಕು. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, ಗಂಟೆ ಹೊಡೆಯಲಿ ತಡಿ, ಎನ್ನುತ್ತಿದ್ದರು. ಎರಡನೇ ಇಯತ್ತೆಯಲ್ಲಿ ಒಮ್ಮೆ ಗಂಟೆ ಹೊಡೆಯುವವರೆಗೆ ನನ್ನಿಂದ ತಡೆಯಲಾಗಲಿಲ್ಲ. ಬೆಂಚಿನ ಕೆಳಗೆ ಹರಿದದ್ದನ್ನು ಎಲ್ಲರೆದುರು ನಾನೇ ಒರೆಸಿದೆ. ಅದಕ್ಕೂ ಮೊದಲಿನ ಅರ್ಧ ಗಂಟೆ ಕಿಬ್ಬೊಟ್ಟೆಯಲ್ಲಿ ಕಲ್ಲು ಕಟ್ಟಿದಂತಿದ್ದ ಆ ನೋವನ್ನು ನಾನು ಇಂದಿಗೂ ಮರೆತಿಲ್ಲ. ಅದೇ ಸಿಸ್ಟರ್ ಮುಂದೆ ನನಗೆ ಕ್ರೋಶಾ ಹೆಣೆಯುವುದನ್ನು ಕಲಿಸಿದರು. ಸಂಡಾಸು ತೊಳೆಯುವುದನ್ನೂ ಕಲಿಸಿದರು. ಎರಡೂ ಆ ಮಳೆಗಾಲದಲ್ಲಿ ಉಪಯೋಗಕ್ಕೆ ಬಂದವು.

ಸಭಾಭವನ ಕಟ್ಟಿದಾಗ ಮಂಡಳಿಯ ಹೆಂಗಸರೆಲ್ಲ ಏನಾದರೂ ಮಾಡಿಕೊಡಬೇಕೆಂದಾಯಿತು. ನಾನು ಚಾವಿಗಳಿಗೆ ಉಣ್ಣೆಯ ಗೊಂಡೆ ಹೆಣೆದುಕೊಟ್ಟೆ. ಅಡಿಗೆಮನೆಯ ಚಾವಿಗೆ ಕೆಂಪು, ವೇದಿಕೆಯ ಹಿಂದಿನ ಕೋಣೆಗೆ ಬಿಳಿ, ಹಿಂದಿನ ಓಣಿಯ ಬಾಗಿಲಿಗೆ ಹಸಿರು. ಆ ಬಾಗಿಲ ಆಚೆ, ಗೋಡೆ ಸುತ್ತಿದ ಸಣ್ಣ ಓಣಿಯಲ್ಲಿ, ನಾಲ್ಕು ಸಂಡಾಸುಗಳು. ಒಂದೇ ಕೀಲಿ, ಒಂದೇ ಚಾವಿ. ಅವುಗಳ ಫರಸಿ ಕೂಡಿಸಿ, ನಲ್ಲಿ ಜೋಡಿಸಿ ಕೊಟ್ಟವನು ಖಾಜಾಸಾಬ. ಬಾಗಲಕೋಟೆ ಕಡೆಯ ಗೌಂಡಿ, ಕುಡಚಡೆಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವನ ಹೆಂಡತಿ ಮೆಹಬೂಬಿ ದಿನ ಬಿಟ್ಟು ದಿನ ನಮ್ಮ ಮನೆಗೆ ಜೋಳದ ರೊಟ್ಟಿ ತಂದುಕೊಡುತ್ತಿದ್ದಳು. ಬುಟ್ಟಿಯ ಮೇಲೆ ಹೊದಿಸಿದ ಬಟ್ಟೆಯ ಅಂಚಿಗೆ ಸಣ್ಣ ಸಣ್ಣ ಹೊಲಿಗೆ ಹಾಕಿರುತ್ತಿದ್ದಳು, ಅದಕ್ಕೇ ಅವಳು ನನಗೆ ಮೊದಲ ದಿನವೇ ಇಷ್ಟವಾದದ್ದು.

ಇನಾಮದಾರರು ಮಂಡಳಿಯ ಕಾರ್ಯದರ್ಶಿ. ಗಣಿ ಕಂಪನಿಯ ಆಫೀಸಿನಲ್ಲಿ ನಮ್ಮ ಮನೆಯವರ ಮೇಲಿನ ಸಾಹೇಬರೂ ಅವರೇ. ಬೆಳಗಾವಿ ಕಡೆಯವರು, ಮಾತು ಬೆಣ್ಣೆಯಂತೆ.

ಎಂಟು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಆರು ದಿನ ಬಿಡದೆ ಸುರಿಯಿತು. ಮೇಲಿನ ಅಣೆಕಟ್ಟಿನ ಬಾಗಿಲು ತೆಗೆದರು. ರೈಲುಹಳಿಗೂ ಹೊಳೆಗೂ ನಡುವಿನ ತಗ್ಗಿನಲ್ಲಿದ್ದ ಮನೆಗಳೊಳಗೆ ಕೆಂಪು ನೀರು ಹೊಕ್ಕಿತು. ಗಣಿಯ ಮಣ್ಣು ಬೆರೆತ ಆ ನೀರು ಇಳಿದ ಮೇಲೂ ಗೋಡೆಗಳ ಎದೆಮಟ್ಟಕ್ಕೆ ಕುಂಕುಮ ಬಳಿದಂತೆ ಗೆರೆ ಉಳಿಯಿತು. ಅಲ್ಲಿದ್ದವರು ಲಾರಿ ಡ್ರೈವರುಗಳು, ಹಮಾಲರು, ಗೌಂಡಿಗಳು, ಹೆಚ್ಚಿನವರು ನಮ್ಮ ಕಡೆಯ ಮುಸಲ್ಮಾನರು. ಮೂವತ್ತಕ್ಕೂ ಹೆಚ್ಚು ಮನೆಯವರನ್ನು ತಂದು ನಮ್ಮ ಸಭಾಭವನದಲ್ಲಿ ಇಳಿಸಿದರು. ಎರಡು ದಿನ ಎಂದದ್ದು ಒಂದು ತಿಂಗಳಾಯಿತು.

ಮೊದಲ ದಿನವೇ ನಾನು ಚಹಾದ ಪಾತ್ರೆ ಹಿಡಿದು ಹೋದೆ. ಮೆಹಬೂಬಿ ಮೂಲೆಯಲ್ಲಿ ಚಾಪೆ ಹಾಸಿದ್ದಳು. ಅವಳ ಮಗಳು ರೇಶ್ಮಾ ಗೋಡೆಗೆ ಒರಗಿ ಕುಳಿತಿದ್ದಳು, ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದ ಏಳು ತಿಂಗಳ ಬಸುರಿ. ಹಿಂದಿನ ಓಣಿಯ ಬಾಗಿಲಿಗೆ ಕೀಲಿ ಇತ್ತು. ಇನಾಮದಾರರು ರೇನ್‌ಕೋಟ್, ಗಮ್‌ಬೂಟು ಹಾಕಿಕೊಂಡು ವರಾಂಡದಲ್ಲಿ ನಿಂತು ಪುರಸಭೆಯವನ ಜೊತೆ ಮಾತಾಡುತ್ತಿದ್ದರು. ನಾನು ಹತ್ತಿರ ಹೋಗಿ, ಆ ಶಬ್ದವನ್ನು ಬಿಟ್ಟು, "ಸರ್, ಹಿಂದಿನ ಬಾಗಲಾ..." ಎಂದೆ.

"ಏನ್ ಮಾಡೂದ್ರಿ ವೈನಿ," ಎಂದರು. "ಈ ಮಳಿ ಗದ್ದಲದಾಗ ಚಾವಿ ಎಲ್ಲೋ ಕಳದದ. ಹುಡುಕ್ಲಿಕ್ಕತ್ತೇವಿ."

"ಕೀಲಿ ಒಡಸೂದ್ರಿ?"

"ಹೊಸಾ ಬಾಗಲಾ ವೈನಿ, ಸಾಗವಾನಿ. ಹೆಂಗ ಒಡೀಲಿಕ್ಕೆ ಬರ್ತದ?"

ಪುರಸಭೆಯವನು ಕೊಂಕಣಿಯಲ್ಲಿ "ಪಳೊವಯಾ, ಪಳೊವಯಾ" ಎಂದ. ನೋಡೋಣ, ನೋಡೋಣ. ಇನಾಮದಾರರು ಕೈ ಒರೆಸಿಕೊಳ್ಳಲು ರೇನ್‌ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದರು. ಅದರ ಜೊತೆಗೆ ಒಂದು ಬೆರಳಿನಷ್ಟು ಹಸಿರು ಉಣ್ಣೆ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ನಾನು ಹೆಣೆದ ಗೊಂಡೆ ನನಗೆ ತಿಳಿಯದೇ? ಕೊನೆಯ ಸುತ್ತಿನಲ್ಲಿ ಉಣ್ಣೆ ಸಾಲದೆ ತಿಳಿಹಸಿರು ಸೇರಿಸಿದ್ದೆ, ಅದೂ ಕಂಡಿತು.

ಆಗ ಬಾಯಿಬಿಡಲಿಲ್ಲ. ಅದಕ್ಕಾಗಿ ಅವರ ಮೇಲಿರುವಷ್ಟೇ ಸಿಟ್ಟು ನನ್ನ ಮೇಲೂ ಇದೆ.

ಗಂಡಸರು, ಮಕ್ಕಳು ಹಳಿಯ ಕಡೆ ಹೋದರು. ಹೆಂಗಸರು ಎಲ್ಲಿ ಹೋಗಬೇಕು? ಒಂದು ಕಡೆ ಸ್ಟೇಷನ್, ಇನ್ನೊಂದು ಕಡೆ ನೀರು ನಿಂತ ಗದ್ದೆ. ನಾಲ್ಕನೆಯ ದಿನ ಗಮನಿಸಿದೆ, ನಾನು ತಂದ ಚಹಾ ಗಂಡಸರ ಕಡೆ ಖಾಲಿಯಾಗುತ್ತಿತ್ತು, ಹೆಂಗಸರ ಕಡೆ ಲೋಟಗಳು ತುಂಬಿಯೇ ಆರುತ್ತಿದ್ದವು. ನೀರಿನ ಡ್ರಮ್ಮಿನ ಬಳಿ ಹೆಂಗಸರ ಸಾಲೇ ಇರಲಿಲ್ಲ. ರೇಶ್ಮಾಳ ತುಟಿ ಒಡೆದು ಬೆಳ್ಳಗಾಗಿತ್ತು.

"ಕುಡಿಯವಾ, ಹೊಟ್ಟ್ಯಾಗ ಕೂಸು ಅದ," ಎಂದೆ.

"ನೀರಡಿಕಿ ಇಲ್ರಿ ಅಕ್ಕಾರ," ಎಂದಳು. ಎರಡೂ ಮೊಣಕಾಲು ಒತ್ತಿ ಹಿಡಿದು ಕುಳಿತಿದ್ದಳು. ಆ ಕೂತ ರೀತಿ ನನಗೆ ಗೊತ್ತು. ಎರಡನೇ ಇಯತ್ತೆಯ ಬೆಂಚಿನ ಮೇಲೆ ನಾನು ಹಾಗೇ ಕುಳಿತಿದ್ದೆ.

ಓಣಿಯ ಬಾಗಿಲ ಹೊಸ್ತಿಲ ಮೇಲೆ ಅವತ್ತು ಗಮ್‌ಬೂಟಿನ ಗುರುತು ಕಂಡಿತು. ಒಳಗೆ ಹೋದದ್ದೊಂದು, ಹೊರಗೆ ಬಂದದ್ದೊಂದು, ಇನ್ನೂ ಹಸಿ. ಆ ಶಿಬಿರದಲ್ಲಿ ಗಮ್‌ಬೂಟು ಇದ್ದದ್ದು ಒಬ್ಬರಿಗೇ.

ಪತ್ರಿಕೆಯವರು ಬರುತ್ತಾರೆಂದು ಗೊತ್ತಾದ ಮೇಲೆ ಇನಾಮದಾರರು ಚುರುಕಾದರು. ಹೊರಗಿನ ಗುತ್ತಿಗೆದಾರನನ್ನು ಕರೆಸಿ ಒಂದೇ ದಿನದಲ್ಲಿ ಹಿತ್ತಿಲಲ್ಲಿ ತಗಡಿನ ನಾಲ್ಕು ಸಂಡಾಸು ನಿಲ್ಲಿಸಿದರು. ರಿಬ್ಬನ್ ಕಟ್ಟಿದರು, ಫೋಟೋ ತೆಗೆಸಿದರು. ನಾನು ಸಮಾಧಾನಪಟ್ಟೆ, ಮನೆಗೆ ಹೋಗಿ ಸಿಹಿ ಸಜ್ಜಕ ಸಹ ಮಾಡಿದೆ. ಆದರೆ ಎರಡು ದಿನ ಕಳೆದರೂ ಹೆಂಗಸರು ಅತ್ತ ಸುಳಿಯಲಿಲ್ಲ. ತಗಡಿನ ಬಾಗಿಲ ಮುಂದೆ ಹುಲ್ಲು ತುಳಿದ ಗುರುತೇ ಇರಲಿಲ್ಲ.

ಮಂಡಳಿಯ ಸಭೆಯಲ್ಲಿ ಇನಾಮದಾರರು ಕೈ ಚೆಲ್ಲಿ ಹೇಳಿದರು: "ನೋಡ್ರಿ, ನಾವು ಮಾಡೂದು ಮಾಡೇವಿ. ಇವರಿಗೆ ಬಯಲ ಚಟ. ಅರಮನಿ ಕಟ್ಟಿ ಕೊಟ್ರೂ ಚರಿಗಿ ಹಿಡ್ಕೊಂಡು ಹಳೀ ಕಡೇನ ಹೊಂಟಾರ. ಸೋಮವಾರ ಆ ತಗಡು ತಗಿಸಿ ವಾಪಸ್ ಕಳಸೂದs ಛಲೋ."

ಎಲ್ಲರೂ ನಕ್ಕರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದೆ. ದೊಡ್ಡವರು ನಗಿಸಲು ಮಾತಾಡಿದಾಗ ನಗಬೇಕು ಎಂದು ಕಲಿತವಳು, ನಾನೂ ನಕ್ಕೆ.

ಮರುದಿನ ರೇಶ್ಮಾಗೆ ಚಳಿ ಜ್ವರ. ಹಲ್ಲು ಕಟಕಟ ಎನ್ನುತ್ತಿದ್ದವು. ಒಂದು ವ್ಯಾನಿನಲ್ಲಿ ಮಡಗಾಂವದ ಆಸ್ಪತ್ರೆಗೆ ಒಯ್ದೆವು, ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದು ಕೇಳಿದರು, "ಈ ಹುಡುಗಿ ನೀರು ಯಾಕೆ ಕುಡಿಯುತ್ತಿಲ್ಲ? ಎಷ್ಟು ದಿನದಿಂದ ತಡೆದುಕೊಂಡಿದ್ದಾಳೆ?" ಸೋಂಕು ಮೂತ್ರಪಿಂಡಕ್ಕೆ ಏರಿದೆ, ಇನ್ನೊಂದು ಸಲ ಹೀಗಾದರೆ ಕೂಸು ಉಳಿಯುವುದು ಕಷ್ಟ ಎಂದರು. ಸೋಮವಾರ ಮನೆಗೆ ಕಳಿಸುತ್ತೇವೆ, ಗಂಟೆಗೊಮ್ಮೆ ನೀರು ಕುಡಿಯಬೇಕು, ಮೂತ್ರ ಬಂದ ಕೂಡಲೇ ಹೋಗಬೇಕು ಎಂದರು. ಮನೆಗೆ! ಮೆಹಬೂಬಿ ನನ್ನ ಮುಖ ನೋಡಿದಳು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತು ನಾನು ಕೊನೆಗೂ ಆ ಶಬ್ದ ಬಾಯಿಂದ ಆಡಿದೆ. "ಮೆಹಬೂಬಿ, ಸಂಡಾಸ ಕಟ್ಟಿ ಕೊಟ್ಟಾರಲ್ಲ. ಯಾಕ ಹೋಗಂಗಿಲ್ಲ ನೀವು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ಅವು ಪಡುವಣಕ್ಕ ಮುಖ ಮಾಡಿ ಕುಂದ್ರಿಸ್ಯಾರ್ರಿ ಅಕ್ಕಾರ. ನಾವು ನಮಾಜ ಮಾಡೂ ದಿಕ್ಕು. ಆ ಕಡೆ ಮುಖಾನೂ ಮಾಡಂಗಿಲ್ಲ, ಬೆನ್ನೂ ಮಾಡಂಗಿಲ್ಲ, ಹಂತಾದ್ಕ ಕುಂತಾಗ. ಅಡಚಣಿ ಇದ್ರ ನಡೀತೈತಿ ಅಂತಾರ ಹಿರ್ಯಾರು. ಆದ್ರ ನಮ್ಮ ರೇಶ್ಮಾ ಒಲ್ಲೆ ಅಂತಾಳ. ಹೊಟ್ಟ್ಯಾಗ ಕೂಸು ಇಟ್ಕೊಂಡು ಹೆಂಗ ಕುಂದರ್ಲಿ ಅಂತಾಳ."

"ಇದನ್ನ ಯಾರಿಗೂ ಹೇಳಲಿಲ್ಲೇನು?"

"ಹೇಳ್ಯಾರ್ರಿ ನಮ್ಮನಿಯವರು. ಕುಂದ್ರಸಾಕತ್ತಾಗನs ಹೋಗಿ ಇನಾಮದಾರ ಸಾಹೇಬ್ರಿಗೆ ಹೇಳ್ಯಾರ. ನಾನs ತಿರುಗಿಸಿ ಕೊಡ್ತೀನ್ರಿ, ಒಂದ ತಾಸಿನ ಕೆಲಸ ಅಂದಾರ. ಅದಕ್ಕ ಸಾಹೇಬ್ರು, ಹೇಲಾಕೂ ದಿಕ್ಕು ಬೇಕೇನಲೇ ನಿಮಗ ಅಂದ್ರಂತ. ಎಲ್ಲಾರೂ ಕಿಸಕ್ಕನ ನಕ್ಕರಂತ."

ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸಭೆಯಲ್ಲಿ ಬಯಲ ಚಟ ಎಂದರು. ಗೊತ್ತಿಲ್ಲದ ನಾನು ಬಿಸ್ಕತ್ತಿನ ತಟ್ಟೆ ಹಿಡಿದು ನಕ್ಕೆ. ಅಳು ಬರಲಿಲ್ಲ. ಭಾನುವಾರಕ್ಕೆ ಕಡಲೆಬೇಳೆ ಎಷ್ಟು ನೆನೆಹಾಕಬೇಕು ಎಂದು ಲೆಕ್ಕ ಹಾಕತೊಡಗಿದೆ.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. "ನೀ ಇದರಾಗ ಬಾಯಿ ಹಾಕಬ್ಯಾಡ," ಎಂದರು. "ನನ್ನ ಬಡ್ತಿ ಕಾಗದಾ ಅವರ ಟೇಬಲ್ ಮ್ಯಾಲ ಅದ."

"ಹಾಕಂಗಿಲ್ಲ ತಗೋರಿ. ಭಾನುವಾರ ಸಾಹೇಬರನ್ನ, ಅವರ ಮನಿಯವರನ್ನ ಊಟಕ್ಕ ಕರೀರಿ. ಹೋಳಿಗಿ ಮಾಡ್ತೀನಿ."

ನಮ್ಮವರಿಗೆ ಭಾಳ ಸಂತೋಷವಾಯಿತು.

ಭಾನುವಾರ ಇನಾಮದಾರರು ಹೆಂಡತಿಯ ಜೊತೆ ಬಂದರು. ರೇನ್‌ಕೋಟನ್ನು ವರಾಂಡದ ಮೊಳೆಗೆ ತೂಗುಹಾಕಿದರು. ಅದರಿಂದ ಹನಿ ಬೀಳುತ್ತಿತ್ತು, ನಾನು ಕೆಳಗೆ ಒಂದು ಕಾಲೊರಸು ಹಾಸಿದೆ. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಸಾಹೇಬರು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ವೈನಿ, ಇಂಥಾ ಹೋಳಿಗಿ ತಿಂದು ವರ್ಷಾತು. ನಮ್ಮನ್ಯಾಗ ಇವು ತೊಗಲಿನಂಗ ಆಗ್ತಾವ," ಎಂದರು. ಅವರ ಹೆಂಡತಿ ತಲೆ ತಗ್ಗಿಸಿ ಸಾರು ಕಲೆಸಿದರು.

"ಇನ್ನೊಂದು ಬಿಸಿದು ತರ್ತೀನ್ರಿ ಸರ್," ಎಂದು ಎದ್ದೆ. ಅಡಿಗೆಮನೆಯ ಹಿಂದಿನ ಬಾಗಿಲಿನಿಂದ ಸುತ್ತಿ ವರಾಂಡಕ್ಕೆ ಹೋದೆ. ಬಲಜೇಬಿನಲ್ಲಿ ಕರವಸ್ತ್ರ, ಅದರ ಕೆಳಗೆ ಚಾವಿ. ಹುಟ್ಟಿದಾಗಿನಿಂದ ಒಂದು ಸೀಮೆಸುಣ್ಣವನ್ನೂ ಕದ್ದವಳಲ್ಲ. ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ತೊಳೆದು, ಹಂಚಿನ ಮೇಲಿನ ಹೋಳಿಗೆಯನ್ನು ತಂದು ಅವರ ತಟ್ಟೆಗೆ ಬಡಿಸಿದೆ. ಒಂದು ಬದಿ ಸ್ವಲ್ಪ ಸೀದಿತ್ತು. ಆ ಬದಿಯನ್ನು ಕೆಳಗೆ ಮಾಡಿದೆ.

ಅವರು ಎಲೆ ಅಡಿಕೆ ಹಾಕಿಕೊಂಡು ಹೋದ ಮೇಲೆ ಕೊಡೆ ಹಿಡಿದು ಸಭಾಭವನಕ್ಕೆ ನಡೆದೆ. ಮೆಹಬೂಬಿ, ಖಾಜಾಸಾಬ, ನಾಲ್ಕಾರು ಹೆಂಗಸರು ಓಣಿಯ ಬಾಗಿಲಲ್ಲಿ ಸೇರಿದರು. ಕೀಲಿ ಸದ್ದಿಲ್ಲದೆ ತೆರೆಯಿತು, ದಿನಾ ಉಪಯೋಗಿಸಿದ ಕೀಲಿಯಲ್ಲವೇ! ಒಳಗೆ ಬಿಳಿ ಫರಸಿ ಹೊಳೆಯುತ್ತಿತ್ತು. ಮೊದಲ ಸಂಡಾಸಿನ ಮುಂದೆ ಮಾತ್ರ ಗಮ್‌ಬೂಟಿನ ಕೆಂಪು ಕೆಸರು. ಮೆಹಬೂಬಿ ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದಳು. ನಾಲ್ಕೂ ಕೂರುವ ಜಾಗಗಳು ಉತ್ತರಕ್ಕೆ ಮುಖ ಮಾಡಿದ್ದವು.

"ಇವು ನಾನs ಕುಂದ್ರಿಸಿದ್ದುರಿ," ಎಂದ ಖಾಜಾಸಾಬ. "ಯಾರ ಮನ್ಯಾಗ ಕುಂದ್ರಿಸಿದ್ರೂ ನಾ ಹಿಂಗs ಕುಂದ್ರಸ್ತೀನ್ರಿ ಅಕ್ಕಾರ. ಯಾರೂ ಕೇಳಂಗಿಲ್ಲ, ನಾನೂ ಹೇಳಂಗಿಲ್ಲ. ಕೈಗೆ ರೂಢಿ ಬಿದ್ದೈತಿ. ನಿಮ್ಮ ಮನ್ಯಾಗಿಂದು ಸುದ್ದಾ ಹಂಗs ಐತಿ ನೋಡ್ರಿ."

ಆ ಸಂಜೆ ಮನೆಗೆ ಹೋಗಿ ನೋಡಿದೆ. ಹೌದು, ಉತ್ತರಕ್ಕೇ ಇತ್ತು. ಹದಿನಾಲ್ಕು ವರ್ಷ ಆ ಮನೆಯಲ್ಲಿ ಬಾಳಿದ್ದೆ, ಗೊತ್ತೇ ಇರಲಿಲ್ಲ.

ನಾನು ಸೀರೆಯನ್ನು ಮೇಲೆ ಸಿಕ್ಕಿಸಿ, ಸಿಸ್ಟರ್ ಕಲಿಸಿದ ಹಾಗೆ ಮೂಲೆಯಿಂದ ಶುರುಮಾಡಿ ಬ್ಲೀಚಿಂಗ್ ಪೌಡರು ಹಾಕಿ ತಿಕ್ಕಿದೆ. "ಅಯ್ಯ ಅಕ್ಕಾರ, ಬಿಡ್ರಿ, ನೀವ್ಯಾಕ?" ಎಂದು ಹೆಂಗಸರು ಕಸಬರಿಗೆ ಕಸಿಯಲು ಬಂದರು. ನಾನು ಬಿಡಲಿಲ್ಲ. ಆ ಗಮ್‌ಬೂಟಿನ ಕೆಸರು ಹೋಗುವವರೆಗೆ ಬಿಡಲಿಲ್ಲ. ಅತ್ತ ಖಾಜಾಸಾಬ ಹಿತ್ತಿಲ ತಗಡಿನ ಸಂಡಾಸುಗಳನ್ನು ಕಿತ್ತು ತಿರುಗಿಸಿ ಕೂಡಿಸಿದ. ಕತ್ತಲಾಗುವುದರೊಳಗೆ ಎಂಟು ಸಂಡಾಸು ತಯಾರಾದವು. ನೀರಿನ ಡ್ರಮ್ಮಿನ ಬಳಿ ಮೊದಲ ಸಲ ಹೆಂಗಸರ ಸಾಲು ನಿಂತಿತು. ಒಬ್ಬ ಮುದುಕಿ ಎರಡು ಲೋಟ ನೀರು ಗಟಗಟ ಕುಡಿದು, "ಯಾ ಅಲ್ಲಾ, ನೀರ ಎಷ್ಟ ಸೀ ಅದಾವ," ಎಂದಳು.

ಸೋಮವಾರ ಬೆಳಿಗ್ಗೆ ಇನಾಮದಾರರು ತಗಡು ತೆಗೆಸಲು ಆಳುಗಳನ್ನು ಕರೆದುಕೊಂಡು ಬಂದರು. ಪುರಸಭೆಯವನಿದ್ದ, ಮಂಡಳಿಯವರಿದ್ದರು. ತೆರೆದ ಓಣಿಯ ಬಾಗಿಲು ಕಂಡು ಅವರ ಕೈ ತಾನಾಗಿ ರೇನ್‌ಕೋಟಿನ ಬಲಜೇಬಿಗೆ ಹೋಯಿತು. ಅಲ್ಲಿ ಬಹಳ ಹೊತ್ತು ಇತ್ತು.

"ವೈನಿ, ಇದು ಹೆಂಗ ತೆರೀತು?"

"ಚಾವಿ ಸಿಕ್ತ್ರಿ ಸರ್."

"ಎಲ್ಲಿ ಸಿಕ್ತು?"

"ಎಲ್ಲಿ ಸಿಕ್ತು ಅಂತ ಎಲ್ಲಾರ ಮುಂದ ಹೇಳ್ಲೇನ್ರಿ?" ಎಂದೆ. ಅತ್ಯಂತ ಮೃದುವಾಗಿ ಹೇಳಿದೆ.

ಅವರ ಕಿವಿ ಕೆಂಪಾದವು. "ಇರಲಿ ಬಿಡ್ರಿ. ಎಲ್ಲೇ ಸಿಗಲಿ, ಸಿಕ್ತಲ್ಲ," ಎಂದು ಪುರಸಭೆಯವನ ಕಡೆ ತಿರುಗಿದರು. ಕಳೆದಿದೆ ಎಂದು ತಾವೇ ಹೇಳಿದ ಚಾವಿಯನ್ನು ನನ್ನದು ಕೊಡಿ ಎಂದು ಯಾವ ಬಾಯಿಂದ ಕೇಳುತ್ತಾರೆ? "ಹೆಂಗೂ ಎಲ್ಲಾರೂ ಇದ್ದೀರಿ," ಎಂದೆ ನಾನು. "ಸಂಡಾಸ ತೊಳಿಯೂ ಪಾಳಿ ಬರದೀನಿ. ಮಂಡಳಿಯವರ ಹೆಸರೂ ಅದಾವ." ಅಷ್ಟು ಗಂಡಸರ ಮುಂದೆ ಆ ಶಬ್ದ ಸಲೀಸಾಗಿ ಬಂತು. ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆದ ಹಾಳೆಯನ್ನು ಬಾಗಿಲಿಗೆ ಅಂಟಿಸಿದೆ. ಶನಿವಾರ ಇನಾಮದಾರ ಸಾಹೇಬರು. ಅವರು ಬರಲಿಲ್ಲ. ಪ್ರತಿ ಶನಿವಾರ ಅವರ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಗೈರುಹಾಜರಿ ಹಾಕಿದೆ. ಶಿಬಿರ ಮುಗಿದು ತಗಡಿನ ಸಂಡಾಸುಗಳನ್ನು ವಾಪಸ್ ಕಳಿಸಿದ ಮೇಲೂ ಆ ಹಾಳೆಯನ್ನು ದೀಪಾವಳಿಯವರೆಗೆ ತೆಗೆಯಲಿಲ್ಲ. ನಮ್ಮವರ ಬಡ್ತಿ ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಮುಂದೆಂದೂ ಸಾಹೇಬರನ್ನು ಊಟಕ್ಕೆ ಕರೆಯಲೂ ಇಲ್ಲ.

ರೇಶ್ಮಾ ಅದೇ ದಿನ ಮಧ್ಯಾಹ್ನ ಬಂದಳು. ಗಂಟೆಗೊಂದು ಲೋಟ ನೀರು, ಓಣಿಯೊಳಗೆ ಹತ್ತು ಹೆಜ್ಜೆ. ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ಅಂಗೈಯಷ್ಟಿತ್ತು, ಉಳಿಯಿತು. ರೇಶ್ಮಾಳ ಮೂತ್ರಪಿಂಡ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಪ್ರತಿ ವರ್ಷ ಮಳೆ ಹಿಡಿದಾಗ ಅವಳಿಗೆ ಆ ಜ್ವರ ಬರುತ್ತದೆ. ಎಲ್ಲ ಮುಗಿದುಹೋದದ್ದು, ಮರೆತುಬಿಡು ಎಂದು ನಮ್ಮವರು ಹೇಳಿದಾಗಲೆಲ್ಲ ನಾನು ರೇಶ್ಮಾಗೆ ಫೋನು ಹಚ್ಚಿ, ಈ ಸಲ ಜ್ವರ ಬಂತೇನು ಎಂದು ಕೇಳುತ್ತೇನೆ. ಬಂತ್ರಿ ಅಕ್ಕಾರ, ಎನ್ನುತ್ತಾಳೆ.

ಚಾವಿ ಅಂದಿನಿಂದ ನನ್ನ ಬಳಿಯೇ ಇದೆ. ಅದನ್ನು ವಾಪಸು ಕೇಳುವ ಧೈರ್ಯ ಯಾವ ಕಾರ್ಯದರ್ಶಿಗೂ ಬರಲಿಲ್ಲ.

ಹೋದ ಭಾನುವಾರ ಮೆಹಬೂಬಿ, ಖಾಜಾಸಾಬ ಇಬ್ಬರೂ ಬಂದಿದ್ದರು. ನಾನೇ ಕರೆದಿದ್ದೆ, ಎರಡನೇ ಸಾಲಿನಲ್ಲಿ ಕೂಡಿಸಿದ್ದೆ. ಸನ್ಮಾನ ಶುರುವಾಗುವ ಮೊದಲು ಹೆಂಗಸರು, ಮಕ್ಕಳು, ವಯಸ್ಸಾದವರು ಎಲ್ಲರೂ ಓಣಿಗೆ ಹೋಗಿ ಬಂದದ್ದನ್ನು ನೋಡಿಕೊಂಡು ಕೀಲಿ ಹಾಕಿದೆ. ನಿವೃತ್ತರಾದ ಇನಾಮದಾರರಿಗೆ ಈಗ ಸಕ್ಕರೆ ಕಾಯಿಲೆ ಎಂದು ಅವರ ಹೆಂಡತಿಯೇ ಹೇಳಿದ್ದರು. ವೇದಿಕೆಯ ಮೇಲಿದ್ದ ಅವರಿಗೆ ಎರಡು ಲೋಟ ಕೋಕಮ್ ಶರಬತ್ತು ಕಳಿಸಿದೆ, ಸಕ್ಕರೆ ಹಾಕದೆ.

ಮೂರನೆಯ ಭಾಷಣದ ನಡುವೆ ಅವರು ಮೊಣಕಾಲು ಒತ್ತಿ ಹಿಡಿದರು. ನಾಲ್ಕನೆಯದು ಶುರುವಾದಾಗ ಹಾರ, ಶಾಲುಗಳ ಸಮೇತ ಎದ್ದು ಪಕ್ಕದ ಮೆಟ್ಟಿಲಿನಿಂದ ಇಳಿದು ಓಣಿಯ ಕಡೆ ಹೋದರು. ತಿರುಗಿ ಬಂದು ನನ್ನ ಕುರ್ಚಿಯ ಮುಂದೆ ನಿಂತರು. ಅಷ್ಟು ಜನರ ನಡುವೆ ಬಾಯಿಬಿಟ್ಟು ಹೇಳಲಾಗದೆ, ಎದೆಯ ಮಟ್ಟದಲ್ಲಿ ಕಿರುಬೆರಳು ಎತ್ತಿದರು.

"ವೈನಿ, ಚಾವಿ..." ಎಂದರು.

"ಏನ್ ಮಾಡೂದ್ರಿ ಸರ್," ಎಂದೆ. "ಈ ಮಳಿ ಗದ್ದಲದಾಗ ಎಲ್ಲೋ ಕಳದದ."

ಪರ್ಸು ನನ್ನ ತೊಡೆಯ ಮೇಲಿತ್ತು. ಜಿಪ್ಪನ್ನು ನಾನು ಪೂರ್ತಿ ಎಳೆದಿರಲಿಲ್ಲ. ಒಂದು ಬೆರಳಿನಷ್ಟು ಹಸಿರು ಉಣ್ಣೆ ಹೊರಗೆ ಇಳಿಬಿದ್ದಿತ್ತು, ಕೊನೆಯ ಸುತ್ತು ತಿಳಿಹಸಿರು. ಅವರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಹಿತ್ತಿಲ ಬಾಗಿಲ ಕಡೆ ನಡೆದರು. ಹೊರಗೆ ಮಳೆ ಜೋರಾಗಿ ಸುರಿಯುತ್ತಿತ್ತು.

ಎಲ್ಲವನ್ನೂ ನೋಡಿದ ಮೆಹಬೂಬಿ ಹಿಂದಿನಿಂದ ಬಗ್ಗಿ ನನ್ನ ಭುಜ ಮುಟ್ಟಿದಳು. "ಕೊಟ್ಟ ಬಿಡ್ರಿ ಅಕ್ಕಾರ. ವಯಸ್ಸಾಗೈತಿ, ಪಾಪ."

"ತಡಿ ಮೆಹಬೂಬಿ," ಎಂದೆ. "ಇನ್ನ ಭಾಷಣ ಮುಗದಿಲ್ಲ."

ಇನಾಮದಾರರು ಒದ್ದೆ ಶಾಲು ಹೊದ್ದು, ಚಪ್ಪಲಿಗೆ ಕೆಂಪು ಕೆಸರು ಮೆತ್ತಿಸಿಕೊಂಡು ಬಂದು ವೇದಿಕೆ ಹತ್ತಿ ಕುಳಿತ ಮೇಲೆ, ನಾನು ಎದ್ದು ಹೋಗಿ ಕೀಲಿ ತೆಗೆದೆ.